ಉರಿಯದ ಗ್ಯಾಸಿಗೂ ಗಾಳಿ

ಒಣಗಿಸುವ ಕೊಠಡಿಯ ಬಾಗಿಲು ತೆರೆದಾಗ ಅಲ್ಲಿನ ಕೆಲಸಗಾರ ಒಕಿಯೆಮುಟೆ ಹಸಿ ಟೈಲ್ಸ್ ತುಂಬಿದ ಗಾಡಿಗೆ ಒರಗಿ ಕೂತಿದ್ದ. ನಿದ್ದೆ ಹೋಗಿದ್ದಾನೆಂದು ಬೈಯುತ್ತಲೇ ಭುಜ ಹಿಡಿದು ಅಲ್ಲಾಡಿಸಿದೆ. ಆತ ಅಡ್ಡಕ್ಕೆ ವಾಲಿದ. ಸತ್ತು ಮೈ ಆಗಲೇ ಸೆಟೆದಿತ್ತು.

ನಾನು ಈ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವನು, ಹೆಸರು ಅವೆರೊ. ನಮ್ಮ ಊರು ಉಘೆಲ್ಲಿಯ ಸುತ್ತಮುತ್ತ ನೆಲದಡಿ ಎಲ್ಲಿ ನೋಡಿದರೂ ಗ್ಯಾಸು. ಅದನ್ನೇ ಉರಿಸಿ ನಾವು ಟೈಲ್ಸ್ ಸುಡುತ್ತೇವೆ. ಕುಲುಮೆಯಿಂದ ಹೊರಬರುವ ಬಿಸಿ ಹೊಗೆ ಕೊಳವೆಯಲ್ಲಿ ಹಾದು ಆಯಾ ಕುಲುಮೆಯ ಪಕ್ಕದ ಒಣಗಿಸುವ ಕೊಠಡಿಯನ್ನು ಕಾಯಿಸುತ್ತದೆ. ಕೊಳವೆ ಅಲ್ಲಲ್ಲಿ ಸೀಳುಬಿಟ್ಟಿದ್ದು ಎಲ್ಲರಿಗೂ ಗೊತ್ತು. ಆದರೂ ಇಷ್ಟು ವರ್ಷ ಯಾರಿಗೂ ಏನೂ ಆಗಿರಲಿಲ್ಲ. ಮತ್ತೆ ಈಗೇಕೆ?

ಮರುದಿನ ವಾರಿ ನಗರದಿಂದ ತನಿಖೆಗೆ ಬಂದವರು ಮೇಡಂ ಇದಾಮಾ. ಒಂದು ಕಾಲದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದವರು, ಈಗ ಕಾರ್ಖಾನೆಗಳ ಸಾವಿನ ಬೆನ್ನು ಹತ್ತುವವರು. ಅವರು ಬರುವಷ್ಟರಲ್ಲಿ ಒಬ್ಬ ಪೊಲೀಸ್ ಪೇದೆ ಅರುವಿಯೆರೆಯ ತೋಳು ಹಿಡಿದು ನಿಂತಾಗಿತ್ತು. ಒಂದನೇ ಕುಲುಮೆಯ ಹೊಣೆ ಆ ಹುಡುಗಿಯದು. ಗಾಳಿ ಕಡಿಮೆ ಬಿಟ್ಟು, ಮೊದಲು ತಲೆನೋವು ತಂದು ಆಮೇಲೆ ಕೊಲ್ಲುವ ವಿಷದ ಹೊಗೆ ಎಬ್ಬಿಸಿದಳು ಎಂಬುದು ಅವಳ ಮೇಲಿನ ಆರೋಪ.

ಮುಖ್ಯ ಇಂಜಿನಿಯರ್ ಅಕ್ಪೊಟೋರ್ ಒಳಗೆ ಬಂದರು. ಅಷ್ಟು ಸಂಕಟದಲ್ಲೂ ಅವಳು ಮಂಡಿಯೂರಿ, "ಮಿಗ್ವೊ" ಎಂದು ನಮಸ್ಕರಿಸಿದಳು. ಹಿರಿಯರು "ವ್ರೆಂಡೊ" ಎನ್ನದೆ ಕಿರಿಯರು ಏಳುವಂತಿಲ್ಲ. ಅಕ್ಪೊಟೋರ್ ಅವಳನ್ನು ಹಾಗೇ ನೆಲದಲ್ಲಿ ಬಿಟ್ಟು ಕುರ್ಚಿ ಎಳೆದುಕೊಂಡರು. ನನಗೆ ಮೈ ಉರಿದುಹೋಯಿತು.

"ಏಳಮ್ಮ," ಎಂದರು ಮೇಡಂ. "ಗಾಳಿ ಎಷ್ಟಕ್ಕೆ ಇಟ್ಟಿದ್ದೆ?"

"ಒಂದು ಪಾಲು ಗ್ಯಾಸಿಗೆ ಹತ್ತೂವರೆ ಪಾಲು, ಮೇಡಂ."

"ಯಾರು ಹೇಳಿದ್ದು?"

"ಸಾರ್ ಮಾಡಿಕೊಟ್ಟಿರೋ ಸ್ಪ್ರೆಡ್‌ಶೀಟು. ಅವತ್ತು ನನ್ನ ಕುಲುಮೆಗೆ ಬೇರೆ ಬಾವಿಯ ಗ್ಯಾಸ್ ಬಂತಲ್ಲ, ಅದರಲ್ಲಿ ಮೀಥೇನ್ ಎಷ್ಟು, ಈಥೇನ್ ಎಷ್ಟು ಅಂತ ಎಲ್ಲಾ ತುಂಬಿದೆ. ಒಟ್ಟು ನೂರು ಅಂತ ಹಸಿರು ಬಂತು. ಕೆಳಗಡೆ ಹತ್ತೂವರೆ ಅಂತಿತ್ತು."

"ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?" ಅಕ್ಪೊಟೋರ್ ಒಂದನೇ ಕುಲುಮೆಯ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. "ಅದೇ ಶೀಟು, ಅದೇ ಗ್ಯಾಸು. ಎಷ್ಟು ತೋರಿಸ್ತಿದೆ ನೀವೇ ಓದಿ."

ಹನ್ನೆರಡು ಪಾಯಿಂಟ್ ಮೂರು.

ಅರುವಿಯೆರೆ ಪರದೆಯ ಹತ್ತಿರ ಬಗ್ಗಿ ಮತ್ತೊಮ್ಮೆ ಓದಿದಳು. ಹಾಗಾದರೆ ಇವಳೇ ಕೊಂದದ್ದೇ?

ಮೇಡಂ ಮಾತ್ರ ಕೀಲಿಮಣೆ ಎಳೆದುಕೊಂಡು ಹಳೆಯ ಬಾವಿಯ ಗ್ಯಾಸಿನ ಅಂಕಿಗಳನ್ನು ತುಂಬಿದರು. ಶೀಟು ಹತ್ತೂವರೆ ಎಂದಿತು.

"ಹಳೇ ಗ್ಯಾಸಿಗೆ ಹತ್ತೂವರೆ ಸರಿ. ಹೊಸದು ಭಾರದ ಗ್ಯಾಸು, ಜಾಸ್ತಿ ಗಾಳಿ ಬೇಕು. ಈ ಹುಡುಗಿ ತಪ್ಪಿದಾಳೆ, ಆದ್ರೆ ಹಳೇ ಉತ್ತರದ ಮೇಲೇ ಕರಾರುವಾಕ್ಕಾಗಿ ಬಿದ್ದಿದಾಳೆ. ವಿಚಿತ್ರ ಅಲ್ವಾ?"

"ವಿಚಿತ್ರ ಏನು ಬಂತು? ಹೊಸದನ್ನ ತುಂಬೋಕೆ ಸೋಮಾರಿತನ. ಹೆಣ ಸಿಕ್ಕಮೇಲೆ ಹೆದರಿ ತುಂಬಿರ್ತಾಳೆ."

"ಇರಬಹುದು. ಈ ಶೀಟು ಇನ್ನೆಲ್ಲಿದೆ?"

ಅಕ್ಪೊಟೋರ್ ಕಂಪ್ಯೂಟರನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು.

"ಎರಡನೇ ಕುಲುಮೇಲಿದೆ, ಮೇಡಂ," ಎಂದೆ. "ಅಲ್ಲಿಗೂ ಸಾರೇ ಹಾಕಿಕೊಟ್ಟಿದ್ದು."

"ಅಲ್ಲೇನು ಕೆಲಸ ನಿಮಗೆ? ಅವೆರೊ, ನಿನ್ನ ಉಗ್ರಾಣ ನೋಡ್ಕೊ ಹೋಗು," ಎಂದು ಅಕ್ಪೊಟೋರ್ ಗದರಿದರು.

ಮೇಡಂ ಆಗಲೇ ಎದ್ದಿದ್ದರು. ಪೇದೆ ಅರುವಿಯೆರೆಯನ್ನು ಎಳೆದುಕೊಂಡು ಹಿಂದೆ ಬಂದ. ನಾನೂ ಅಕ್ಪೊಟೋರರೂ ಹಿಂಬಾಲಿಸಿದೆವು.

ಎರಡನೇ ಕುಲುಮೆಯ ಕಂಪ್ಯೂಟರಿನ ಮುಂದೆ ಕೂತು ಮೇಡಂ ಎಲ್ಲ ಅನಿಲಗಳ ಅಂಕಿಯನ್ನೂ ಅಳಿಸಿದರು. ನೈಟ್ರೋಜನ್ ಎದುರಿಗೆ ಮಾತ್ರ ನೂರು ಎಂದು ಒತ್ತಿದರು. ಒಟ್ಟು ನೂರು, ಹಸಿರು ಬಣ್ಣ. ಕೆಳಗೆ, ಬೇಕಾದ ಗಾಳಿ — ಹತ್ತೂವರೆ.

"ಅವೆರೊ, ನೈಟ್ರೋಜನ್ ಉರಿಯುತ್ತೇನಪ್ಪ?"

"ಇಲ್ಲ ಮೇಡಂ. ಬೆಂಕಿ ಆರಿಸೋಕೆ ಬಿಡ್ತೀವಿ ಅದನ್ನ."

"ಮತ್ತೆ ಅದಕ್ಕೂ ಹತ್ತೂವರೆ ಪಾಲು ಗಾಳಿ ಬೇಕು ಅಂತಿದೆಯಲ್ಲ ಈ ಶೀಟು?"

ಅವರು ಆ ಉತ್ತರದ ಚೌಕದ ಮೇಲೆ ಒತ್ತಿ ತೋರಿಸಿದರು. ಅಲ್ಲಿ ಸೂತ್ರವೇ ಇರಲಿಲ್ಲ. ಯಾರೋ ಸೂತ್ರ ಅಳಿಸಿ ಬರೀ ಸಂಖ್ಯೆಯನ್ನು ಅಂಟಿಸಿದ್ದರು. ನೂರು ಎಂದು ಕೂಡುವ ಚೌಕವೊಂದೇ ಜೀವಂತ. ಮೇಲೆ ಏನೇ ತುಂಬಿ ನೂರಾಗಿಸಿದರೂ ಹಸಿರು ಬರುತ್ತದೆ, ಉತ್ತರ ಮಾತ್ರ ಕದಲುವುದಿಲ್ಲ. ಇದನ್ನೇ ನಂಬಿ ಹಗಲೂ ರಾತ್ರಿ ಬೆಂಕಿ ಉರಿಸುತ್ತಿದ್ದೆವೇ?

ಮೇಡಂ ಸರಕ್ಕನೆ ಆ ಕುಲುಮೆ ನೋಡಿಕೊಳ್ಳುವವನ ಕಡೆ ತಿರುಗಿದರು. "ಇಲ್ಲಿಗೆ ಹೊಸ ಗ್ಯಾಸ್ ಯಾವಾಗಿಂದ?"

"ಇವತ್ತು ಬೆಳಿಗ್ಗೆ ತಿರುಗಿಸಿದ್ರು, ಮೇಡಂ. ಶೀಟು ಹತ್ತೂವರೆ ಅಂತು, ಹಾಗೇ ಇಟ್ಟಿದೀನಿ."

"ಪಕ್ಕದ ಕೊಠಡೀಲಿ ಜನ ಇದಾರಾ?"

ಉತ್ತರಕ್ಕೆ ಮೊದಲೇ ಅರುವಿಯೆರೆ ಪೇದೆಯ ಕೈ ಕಿತ್ತುಕೊಂಡು ಓಡಿದ್ದಳು. ಗಾಳಿ ಬಿಡುವ ಚಕ್ರಕ್ಕೆ ಜೋತುಬಿದ್ದು ತಿರುಗಿಸಿದಳು. ನಾನೂ ಪೇದೆಯೂ ಕೊಠಡಿಗೆ ನುಗ್ಗಿ, ಸಿಕ್ಕವರ ರೆಟ್ಟೆ ಹಿಡಿದು ಹೊರಗೆಳೆದೆವು. ಕೆಲವರು ನಡೆದೇ ಬಂದರು. ಇಬ್ಬರನ್ನು ಹೊತ್ತು ತಂದೆವು. ಎಲ್ಲರಿಗೂ ಉಸಿರಿತ್ತು.

ಅಂಗಳದಲ್ಲಿ ಅವರಿಗೆ ನೀರು ಕುಡಿಸುತ್ತಿರುವಾಗ ಮೇಡಂ ಮಾತಾಡಿದರು.

"ಅಕ್ಪೊಟೋರ್, ಕೆಲವು ಇಂಜಿನಿಯರುಗಳದ್ದು ಒಂದು ಚಾಳಿ. ಶೀಟು ಕೊಡ್ತಾರೆ, ಸೂತ್ರ ಕೊಡಲ್ಲ. ಗುಟ್ಟು ಕದ್ದುಬಿಡ್ತಾರೆ ಅನ್ನೋ ಭಯ. ಉತ್ತರ ಮಾತ್ರ ಅಂಟಿಸಿ ಕೈಗಿಡ್ತಾರೆ. ಗ್ಯಾಸ್ ಬದಲಾಗದೆ ಇರೋವರೆಗೂ ಯಾರಿಗೂ ಗೊತ್ತಾಗಲ್ಲ."

"ಹುಡುಗರು ಎಲ್ಲೋ ಒತ್ತಿ ಕೆಡಿಸಿರ್ತಾರೆ."

"ಕೆಡಿಸೋದು ಯಾರಾದ್ರೂ ಮಾಡಬಹುದು. ಆದ್ರೆ ಒಂದನೇ ಕುಲುಮೆಯ ಶೀಟು ಇವತ್ತು ಜೀವಂತ ಇದೆ. ಅದಕ್ಕೆ ಜೀವ ಕೊಟ್ಟೋರು ಯಾರು? ಸೂತ್ರ ಇರೋ ಮೂಲ ಪ್ರತಿ ಯಾರ ಹತ್ರ ಇದೆ?"

ನಾವೆಲ್ಲ ಅಕ್ಪೊಟೋರರನ್ನೇ ನೋಡಿದೆವು. ಆ ಪ್ರತಿಯನ್ನು ಅವರು ಹೆಂಡತಿಗೂ ತೋರಿಸುವವರಲ್ಲ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದೆವು.

"ನನ್ನ ಇಷ್ಟು ವರ್ಷದ ದುಡಿಮೆ ಅದು," ಎಂದರು ಅವರು, ತಗ್ಗಿದ ದನಿಯಲ್ಲಿ. "ಸಾವು ನಾನು ಬಯಸಿದ್ದಲ್ಲ. ಆಕಸ್ಮಿಕ."

"ಮೊದಲನೇದು ಆಕಸ್ಮಿಕ, ಒಪ್ತೀನಿ. ಆಮೇಲೆ ಶೀಟು ಬದಲಾಯಿಸಿ ಈ ಹುಡುಗಿ ತಲೆಗೆ ಕಟ್ಟಿದಿರಿ. ಎರಡನೇ ಕುಲುಮೇದನ್ನ ಯಾಕೆ ಬದಲಾಯಿಸಲಿಲ್ಲ?"

"ಅಲ್ಲಿ ಯಾವಾಗ್ಲೂ ಜನ ಇರ್ತಾರೆ. ಬದಲಾಯಿಸಿದ್ರೆ ನೋಡಿಬಿಡ್ತಿದ್ರು."

ಪೇದೆ ಯಾರನ್ನು ಹಿಡಿಯಬೇಕೆಂದೇ ಮರೆತವನಂತೆ ನಿಂತಿದ್ದ.

ಆಗ ನೆಲದ ಮೇಲೆ ಮಲಗಿಸಿದ್ದ ಹೆಂಗಸೊಬ್ಬಳು ಮೊಣಕೈ ಊರಿ ಎದ್ದಳು. ಟೈಲ್ಸ್ ಜೋಡಿಸುವ ಒಬೋಗೆನೆ. ಅವಳಿಗೆ ನಮ್ಮ ಮಾತು ಪೂರ್ತಿ ಕೇಳಿಸಿತ್ತೋ ಇಲ್ಲವೋ. ಅಕ್ಪೊಟೋರರನ್ನು ಕಂಡು ಉಪಕಾರ ನೆನೆಯುವ ದನಿಯಲ್ಲಿ ಹೇಳಿದಳು:

"ಸಾರ್, ನೀವು ಬೆಳಿಗ್ಗೆ ಒಳಗೆ ಬಂದು ಎಲ್ರಿಗೂ ತಲೆನೋವಿನ ಮಾತ್ರೆ ಕೊಟ್ರಲ್ಲ. ಧೂಳಿಗೆ ಹೀಗಾಗುತ್ತೆ, ಹೊರಗೆ ಹೋಗ್ಬೇಡಿ, ಕೆಲಸ ಮಾಡ್ತಿರಿ ಅಂದ್ರಲ್ಲ. ನಾನು ಎರಡು ತಗೊಂಡೆ. ಕಮ್ಮಿ ಆಗ್ಲೇ ಇಲ್ಲ."