ಸೆರಗಿಗೆಂದು ಉಳಿಸಿದ ದೂರ

ಪರಶುರಾಮ ಬಾಗಿಲು ಎಳೆದುಕೊಂಡ ಕೂಡಲೇ ಕಾರಿನ ಎದುರಿನ ಫಲಕದಲ್ಲಿ ಹಸಿರು ಅಂಕಿಯೊಂದು ಬೆಳಗಿತು: 9,318. ಹಳೆಯ ಕಾರುಗಳ ಮಳಿಗೆಯ ಅಂಗಳದಿಂದ ಹೊರಟ ಪುಟ್ಟ ಕಾರು ಇಳಕಲ್ಲಿನ ಬಸ್ ನಿಲ್ದಾಣವನ್ನು ಬಳಸಿ ನೇಕಾರರ ಓಣಿಯ ಬಾಯಿಗೆ ಬರುವಷ್ಟರಲ್ಲಿ ಅದು 9,316ಕ್ಕೆ ಇಳಿದಿತ್ತು.

“ಪರಸೂ, ಎರಡು ಹೋದ್ವಲ್ಲೋ,” ಎಂದಳು ಮುಂದಿನ ಆಸನದಲ್ಲಿದ್ದ ಅವನ ತಾಯಿ ಹುಲಿಗೆಮ್ಮ.

“ಹೋಗ್ಲಿ ಬಿಡಬೇ. ಓಡ್ಸಾಕಂತನ ತಗೊಂಡೀವಿ. ಪೂಜಾ ಮಾಡಿ ಕುಂದ್ರಸಾಕಲ್ಲ.”

ಹಿಂದೆ ಕುಳಿತಿದ್ದ ಡಾ. ಸಿಂಚನಾ ಗುಳೇದ ನಕ್ಕಳು. ಆ ಅಂಕಿಯನ್ನು ಜಗತ್ತಿಗೆ ಕೊಟ್ಟವಳು ಅವಳೇ. ಅವಳು ಹುಲಿಗೆಮ್ಮನ ತಂಗಿ, ಅಕ್ಕನಿಗಿಂತ ಹದಿನಾರು ವರ್ಷ ಚಿಕ್ಕವಳು. ಆಗ 2064ನೆಯ ಇಸವಿ.

ಅಂಕಿ ಹೇಳುತ್ತಿದ್ದುದು ಕಾರು ಈವರೆಗೆ ಓಡಿದ ದೂರವನ್ನಲ್ಲ, ಇನ್ನು ಓಡಬಲ್ಲ ದೂರವನ್ನು. ಬ್ಯಾಟರಿಗೆ ಚಾರ್ಜ್ ತುಂಬುವಾಗ ಅದರೊಳಗಿನ ಲಿಥಿಯಂ ಕಣಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತವೆ. ಕಾರು ಓಡುವಾಗ ಮರಳಿ ಬರುತ್ತವೆ. ಪ್ರತಿ ಸಲವೂ ಕೆಲವು ಕಣಗಳು ಎಲ್ಲೋ ಸಿಕ್ಕಿಕೊಂಡು ಹಿಂದಿರುಗುವುದಿಲ್ಲ. ಹೀಗೆ ಮರಳದವು ಹೆಚ್ಚುತ್ತ ಹೋಗಿ ಒಂದು ದಿನ ಬ್ಯಾಟರಿ ಸಾಯುತ್ತದೆ. ಸಿಂಚನಾ ಕೂದಲಿಗಿಂತ ತೆಳುವಾದ ಗಾಜಿನ ಎಳೆಯೊಂದನ್ನು ಬ್ಯಾಟರಿಯೊಳಗೆ ಹುದುಗಿಸಿ, ಅದರಲ್ಲಿ ಹಾಯುವ ಬೆಳಕಿನ ಬದಲಾವಣೆಯಿಂದ ಮರಳದ ಕಣಗಳನ್ನು ಲೆಕ್ಕ ಹಾಕುವ ದಾರಿ ಕಂಡುಹಿಡಿದಿದ್ದಳು. ಅದಕ್ಕೆ ಉಳಿಕೆಮಾಪಕ ಎಂದು ಹೆಸರಾಯಿತು. ಆ ಹೊತ್ತಿಗೆ ಬ್ಯಾಟರಿಯನ್ನು ಕಾರಿನ ತಳದೊಂದಿಗೇ ಎರಕ ಹೊಯ್ಯುತ್ತಿದ್ದರು. ಕಾರು ಅದರಿಂದ ಹಗುರವಾಗುತ್ತಿತ್ತು, ಅಗ್ಗವೂ ಆಗುತ್ತಿತ್ತು. ಆದರೆ ಬ್ಯಾಟರಿ ಮುಗಿದರೆ ಕಾರೂ ಮುಗಿದಂತೆ. ಮೊದಲೆಲ್ಲ ಹಳೆಯ ಕಾರು ಕೊಳ್ಳುವವರು ಮಾರುವವನ ಮುಖ ನೋಡಿ ಕೊಳ್ಳಬೇಕಿತ್ತು. ಈಗ ಅಂಕಿ ನೋಡಿದರೆ ಸಾಕು. ಪರಶುರಾಮನಂಥ ಮಗ್ಗದ ಮೋಟಾರು ದುರಸ್ತಿ ಮಾಡುವವನು ಮೋಸಹೋಗದೆ ಕಾರು ಕೊಳ್ಳುವಂತಾದದ್ದು ಅದರಿಂದಲೇ.

ಆ ಬೆಳಿಗ್ಗೆ ಮಳಿಗೆಯಲ್ಲಿ ಎರಡು ಕಾರುಗಳು ಅವನಿಗೆ ಹಿಡಿಸಿದ್ದವು. ಒಂದು ಎತ್ತರದ್ದು, ಹಿಂದೆ ಸಾಮಾನಿಗೆ ಧಾರಾಳ ಜಾಗವಿದ್ದದ್ದು, ಉಳಿಕೆ ಹದಿನಾಲ್ಕು ಸಾವಿರ. ಇನ್ನೊಂದು ಈ ಪುಟ್ಟದು.

“ದೊಡ್ಡದ ತಗೋರಿ, ಅಂಕಿನೂ ಜಾಸ್ತಿ ಐತಿ,” ಎಂದಿದ್ದ ಮಳಿಗೆಯವನು.

“ಏರಾಕ ಏಣಿ ನೀ ಕೊಡ್ತೀಯೇನಪಾ?” ಎಂದು ಹುಲಿಗೆಮ್ಮ ಕೇಳಿದ್ದಳು.

ನಲವತ್ತು ವರ್ಷ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯ್ದವಳು ಅವಳು. ಮೊಣಕಾಲು ಈಗ ಒಂದು ಗೇಣಿಗಿಂತ ಮೇಲೆ ಏಳುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಿ ಆರು ವರ್ಷಗಳೇ ಆಗಿದ್ದವು. ಪುಟ್ಟ ಕಾರಿನ ಮುಂದಿನ ಆಸನ ಗುಂಡಿ ಒತ್ತಿದರೆ ಪಕ್ಕಕ್ಕೆ ಸರಿದು, ಮಣೆಯಷ್ಟು ಕೆಳಗೆ ಇಳಿಯುತ್ತಿತ್ತು. ಹುಲಿಗೆಮ್ಮ ಕುಳಿತಳು. ಸೊಂಟ ಆಚೆ ಈಚೆ ಹೊರಳಿಸಿದಳು. ಆಸನ ಅವಳನ್ನು ಮೆಲ್ಲಗೆ ಎತ್ತಿ ಒಳಗೆ ತೆಗೆದುಕೊಂಡಾಗ ಮಗುವಿನಂತೆ ಬಾಯಿ ತೆರೆದಳು.

“ನನ್ನ ಮಗ್ಗದ ಮಣಿ ಇದ್ದಂಗ ಐತಿ. ಇದನ್ನ ತಗೋ.”

ಮನೆ ಹತ್ತಿರವಾದಾಗ ಸಿಂಚನಾ ಮುಂದಕ್ಕೆ ಬಾಗಿ, “ಅಕ್ಕಾ, ಈಗರ ಧಾರವಾಡಕ್ಕ ಬರ್ತೀ ಹೌದಿಲ್ಲೋ? ನನ್ನ ಮನಿ ಹೆಂಗೈತಂತ ನೋಡಿಲ್ಲ ನೀ,” ಎಂದಳು.

ತಾಯಿ ತೀರಿಕೊಂಡಾಗ ಸಿಂಚನಾಳಿಗೆ ಮೂರು ವರ್ಷ. ಅವಳಿಗೆ ಆ ಹೆಸರನ್ನು ಟೀವಿಯಲ್ಲಿ ಕೇಳಿ ಆರಿಸಿದ್ದವಳು ಅಕ್ಕ. ಅವಳ ಶಾಲೆ, ಕಾಲೇಜು, ಹಾಸ್ಟೆಲು ಎಲ್ಲ ನಡೆದದ್ದು ಅಕ್ಕನ ಮಗ್ಗದ ಮೇಲೆ. ಆ ಅಕ್ಕ ತಂಗಿಯ ಮನೆಯನ್ನಾಗಲಿ, ಅವಳ ಪ್ರಯೋಗಶಾಲೆಯನ್ನಾಗಲಿ ಕಂಡಿರಲಿಲ್ಲ.

“ಬರ್ತೀನಿ. ಗಡಿಬಿಡಿ ಏನೈತಿ ಈಗ?” ಎಂದಳು ಹುಲಿಗೆಮ್ಮ, ಕಣ್ಣು ಅಂಕಿಯ ಮೇಲೆ.

ಇಳಕಲ್ಲಿನಲ್ಲಿ ಸೀರೆಯ ಹಾಸನ್ನು, ಎಂದರೆ ಉದ್ದದ ಎಳೆಗಳನ್ನು, ಒಂದು ಸೀರೆಗೆ ಎಷ್ಟು ಬೇಕೋ ಅಷ್ಟೇ ಅಳೆದು ಮಗ್ಗಕ್ಕೆ ಏರಿಸುತ್ತಾರೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಮೊದಲು ಒಡಲು, ಕೊನೆಗೆ ಸೆರಗು. ಒಡಲಿಗೆ ಎಷ್ಟೇ ಕಡಿಮೆ ಬೀಳಲಿ, ಸೆರಗಿನ ಹಾಸನ್ನು ಮುಟ್ಟುವಂತಿಲ್ಲ. ಹುಲಿಗೆಮ್ಮ ಕಾರಿನ ಅಂಕಿಯನ್ನು ಓದಿದ್ದು ಹೀಗೆ. ಕೊನೆಯ ನಾನೂರು ಕಿಲೋಮೀಟರನ್ನು ಅವಳು ಬೇರೆ ತೆಗೆದಿಟ್ಟಳು. ಅದು ಸೆರಗು. ಧಾರವಾಡಕ್ಕೆ ಹೋಗಿ ಬರಲು ಸುಮಾರು ಮುನ್ನೂರೈವತ್ತು, ಉಳಿದದ್ದು ತಂಗಿಯೊಂದಿಗೆ ಅಲ್ಲಿ ತಿರುಗಾಡಲು. ಅದಕ್ಕಿಂತ ಮೇಲಿನದೆಲ್ಲ ಒಡಲು. ಅದು ಮಗನ ದುಡಿಮೆಗೆ, ಮೊಮ್ಮಗಳ ಶಾಲೆಗೆ. ತಾನು ಕುಳಿತ ಪ್ರತಿ ಕಿಲೋಮೀಟರೂ ಅವರ ಪಾಲಿನಿಂದ ಹೋದದ್ದು ಎಂದು ಅವಳ ಎಣಿಕೆ.

ಇಂಥ ಎಣಿಕೆ ಅವಳೊಬ್ಬಳದೇ ಆಗಿರಲಿಲ್ಲ. ಉಳಿಕೆಮಾಪಕ ಬಂದ ಎಂಟು ವರ್ಷಗಳಲ್ಲಿ ಜನ ಎದುರಾದಾಗ ಕೇಳುವ ಮಾತೇ ಬದಲಾಗಿತ್ತು. “ನಿಮ್ಮದರಾಗ ಎಷ್ಟೈತ್ರಿ?” ಎನ್ನುವುದು “ಊಟಾತೇನ್ರಿ” ಎನ್ನುವಷ್ಟು ರೂಢಿಯಾಗಿತ್ತು. ದಾರಿಯಲ್ಲಿ ಕೈ ಮಾಡಿದವರಿಗೆ ಯಾರೂ ಕಾರು ನಿಲ್ಲಿಸುತ್ತಿರಲಿಲ್ಲ, ಹೆಚ್ಚಿನ ಭಾರಕ್ಕೆ ಅಂಕಿ ಬೇಗ ಇಳಿಯುತ್ತದೆಂದು. ಮದುವೆಗೆ ಕರೆದವರು “ಹತ್ರದ ಸಂಬಂಧಾರಿ, ಅದಕ್ಕ ಬರ್ರಿ ಅಂತೀವಿ,” ಎಂದು ಸಂಕೋಚದಿಂದ ಹೇಳುತ್ತಿದ್ದರು. ಒಂದು ಭಾನುವಾರವಾದರೂ ಸುಮ್ಮನೆ ಎಲ್ಲಿಗಾದರೂ ಹೋಗಿಬರುವವರು ಅಪರೂಪವಾದರು. ಸಿಂಚನಾ ಇದನ್ನೆಲ್ಲ ಪತ್ರಿಕೆಗಳಲ್ಲಿ ಓದಿದ್ದಳು. ಒಂದು ಸಂದರ್ಶನದಲ್ಲಿ ಅವಳು, ಜನ ಮಿತವ್ಯಯ ಕಲಿಯುತ್ತಿರುವುದು ಒಳ್ಳೆಯದೇ ಎಂದೂ ಹೇಳಿದ್ದಳು.

ಕಾರು ಕೊಂಡ ಮರುವರ್ಷದ ದೀಪಾವಳಿಗೆ ಅವಳು ಇಳಕಲ್ಲಿಗೆ ಬಂದಾಗ ಅಂಕಿ 4,402 ಇತ್ತು.

“ಏಳಕ್ಕ, ನಾಳೆ ಹೋಗೇಬಿಡೂಣು. ಪರಸು ರಜಾ ಹಾಕ್ತಾನ,” ಎಂದಳು.

“ಒಡಲ ಮುಗಿಯೂದರಾಗ ಸೆರಗಿಗೆ ಕೈ ಹಚ್ತಾರೇನ, ಹುಚ್ಚಿ? ಅಷ್ಟೂ ಮರ್ತೇನು ಓಣಿ ಬಿಟ್ಟಮ್ಯಾಲೆ?” ಹುಲಿಗೆಮ್ಮ ಅಕ್ಕಿ ಆರಿಸುತ್ತಲೇ ಕೇಳಿದಳು, “ನಿನ್ನ ಅಂಕಿ ಸುಳ್ಳು ಹೇಳ್ತೈತೇನು?”

“ಇಲ್ಲ. ನೂರಕ್ಕ ಎರಡು ಹೆಚ್ಚುಕಡಿಮಿ, ಅಷ್ಟ.”

“ಮತ್ತ? ನಾಕು ಸಾವಿರ ಐತಿ ಅಂದ್ರ ಐತಿ. ಎಲ್ಲಿಗೆ ಓಡಿ ಹೋಗ್ತೀನಿ ನಾನು?”

ಸಿಂಚನಾ ಇನ್ನೊಂದು ಸಲ ಒತ್ತಾಯಿಸಬಹುದಿತ್ತು. ಆದರೆ ಆ ತಿಂಗಳು ಅವಳು ಮುಗಿಸಬೇಕಾದ ಪ್ರಬಂಧವೊಂದಿತ್ತು. ಅಕ್ಕ ಬಂದರೆ ವಾರವಾದರೂ ಮನೆಯಲ್ಲಿರಬೇಕು. ನಾಲ್ಕು ಸಾವಿರ ಇದೆಯಲ್ಲ ಎಂದು ಅವಳಿಗೂ ಅನ್ನಿಸಿತು. ಅಕ್ಕ ಮೊರ ಕೆಳಗಿಟ್ಟು ಏಳುವಾಗ ಎಡಪಕ್ಕೆಯ ಮೇಲೆ ಅಂಗೈ ಒತ್ತಿಕೊಂಡದ್ದನ್ನು ಅವಳು ನೋಡಿದಳು.

“ಏನಾತಕ್ಕ?”

“ಗ್ಯಾಸು. ಕಡ್ಲಿಬ್ಯಾಳಿ ತಿಂದಿದ್ದೆ.”

ಮರಳದ ಕಣವೊಂದನ್ನು ಗಾಜಿನ ಎಳೆಯಲ್ಲಿ ಪತ್ತೆ ಹಚ್ಚಬಲ್ಲವಳು ಆ ಉತ್ತರವನ್ನು ಹಾಗೆಯೇ ಒಪ್ಪಿಕೊಂಡಳು.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಪರಶುರಾಮ ಫೋನು ಮಾಡಿದ. ಕಸ ಗುಡಿಸಿ, ನೀರು ಕಾಯಿಸಲು ಇಟ್ಟು, ಒಲೆಯ ಮುಂದೆಯೇ ಹುಲಿಗೆಮ್ಮ ಒರಗಿಬಿಟ್ಟಿದ್ದಳು. ಕಾರು ತಿರುಗಿಸಿ ನಿಲ್ಲಿಸುವುದರೊಳಗೆ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಅದರ ಫಲಕ 2,146 ಎಂದು ತೋರಿಸುತ್ತಿತ್ತು. ಓಣಿಗೆ ಬಂದಿಳಿದ ಸಿಂಚನಾ ಮೊದಲು ಕಂಡದ್ದು ಅದನ್ನೇ, ಏಕೆಂದರೆ ಅದನ್ನು ಆರಿಸುವ ಎಚ್ಚರ ಯಾರಿಗೂ ಇರಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದ ಮಧ್ಯಾಹ್ನ, ಮನೆಯ ತುಂಬ ಇದ್ದ ಹೆಂಗಸರ ಮಾತಿನಿಂದ ತಪ್ಪಿಸಿಕೊಳ್ಳಲು ಸಿಂಚನಾ ಕಾರಿನಲ್ಲಿ ಅಕ್ಕನ ಆಸನದಲ್ಲಿ ಹೋಗಿ ಕುಳಿತಳು. ಕೈ ಸುಮ್ಮನಿರಲಾರದೆ ಫಲಕ ಮುಟ್ಟಿತು. ಉಳಿಕೆಮಾಪಕ ಪ್ರತಿ ಪ್ರಯಾಣವನ್ನೂ ಬರೆದಿಡುತ್ತದೆ. ಹಾಗೆ ಮಾಡಬೇಕೆಂದು ಅವಳೇ ನಿಗದಿ ಮಾಡಿದ್ದಳು. ಶಾಲೆ. ಸಂತೆ. ಶಾಲೆ. ಮಗ್ಗದ ಕಾರ್ಖಾನೆ. ಜನವರಿ ಹನ್ನೊಂದು: ಬಾಗಲಕೋಟೆ, ಹೃದಯದ ಆಸ್ಪತ್ರೆ. ಹುನಗುಂದದಿಂದ ವಾಪಸು.

ಅವಳು ಪರಶುರಾಮನನ್ನು ಕರೆದಳು. ಅವನು ಕಿಟಕಿಯ ಹತ್ತಿರ ಬಂದು, ಅವಳ ಬೆರಳು ಇದ್ದ ಸಾಲನ್ನು ನೋಡಿ, ಕಾರಿಗೆ ಬೆನ್ನು ಕೊಟ್ಟು ನಿಂತ.

“ಇಲ್ಲಿ ಡಾಕ್ಟ್ರು ಬರ್ದು ಕೊಟ್ಟಿದ್ರು ಚಿಕ್ಕವ್ವ, ದೊಡ್ಡ ದವಾಖಾನಿಗೆ ಹೋಗ್ರಿ ಅಂತ. ಹೊಂಟಿದ್ವಿ. ನಗುತ್ತನ ಇದ್ಲು. ಹುನಗುಂದ ಬರೂದ್ರಾಗ, ‘ಈಗ ಆರಾಮಾತು, ಏನೂ ಇಲ್ಲ, ತಿರುಗ್ಸು,’ ಅಂದ್ಲು. ನಾ ಕೇಳ್ಲಿಲ್ಲ. ಬಾಗಲಾ ತಗೀತೀನಿ ಅಂತ ಅಂಜಿಸಿದ್ಲು.” ಅವನು ಮೂಗು ಒರೆಸಿಕೊಂಡ. “ತಿರುಗಿಸಿದ ಮ್ಯಾಲೆ ಏನಂದ್ಲು ಗೊತ್ತೇನು? ‘ತೊಂಬತ್ತು ಉಳೀತ್ ನೋಡು,’ ಅಂದ್ಲು. ಖುಷೀಲೆ ಅಂದ್ಲು.”

ಸಿಂಚನಾ ಫಲಕದಿಂದ ಬೆರಳು ತೆಗೆದಳು. ಅವಳು ಆಸನದ ಗುಂಡಿಯನ್ನು ಒತ್ತಿದಳು. ಅದು ಸರಿದು, ತಗ್ಗಿ, ಯಾರೋ ಇಳಿಯಲಿ ಎಂಬಂತೆ ನಿಂತಿತು. ಅವಳು ಇಳಿಯಲಿಲ್ಲ.

“ಈ ಅಂಕಿ ಕಿತ್ತು ಒಗಿ ಚಿಕ್ಕವ್ವ,” ಎಂದ ಪರಶುರಾಮ. “ನೀನ ಮಾಡಿದ್ದಲ್ಲ ಇದು? ಬ್ಯಾಟ್ರಿ ಸಾಯೂ ಮುಂದ ತಾನ ಸಾಯ್ಲಿ. ಮೊದ್ಲ ಹೇಳೂದು ಬ್ಯಾಡ.”

ತೆಗೆಯುವುದು ಅವಳ ಕೈಯಲ್ಲಿರಲಿಲ್ಲ. ಅಂಕಿಯನ್ನು ಮುಚ್ಚುವುದು ಕಾಯಿದೆಯ ಪ್ರಕಾರ ಅಪರಾಧವಾಗಿತ್ತು. ಧಾರವಾಡಕ್ಕೆ ಮರಳಿದ ಮೇಲೆ ಅವಳು ವಾಹನ ನಿಯಮಗಳ ಸಮಿತಿಗೆ ದೀರ್ಘ ಪತ್ರ ಬರೆದಳು. ಅಂಕಿಯನ್ನು ಮಾರಾಟದ ದಿನ ಮಾತ್ರ ತೋರಿಸಿದರೆ ಸಾಕು, ದಿನವೂ ಕಣ್ಣ ಮುಂದೆ ಇರಬೇಕಾಗಿಲ್ಲ ಎಂದು ಕೇಳಿಕೊಂಡಳು. ಎರಡು ವಾರಗಳಲ್ಲಿ ಸಭ್ಯವಾದ ಉತ್ತರ ಬಂತು. ತನ್ನ ವಸ್ತುವಿನ ಆಯುಸ್ಸನ್ನು ಯಾವ ಗಳಿಗೆಯಲ್ಲಾದರೂ ತಿಳಿಯುವುದು ಮಾಲೀಕನ ಹಕ್ಕು, ಅರಿವು ಯಾರಿಗೂ ಕೇಡು ಮಾಡದು ಎಂದು ಅದರಲ್ಲಿತ್ತು. ಆ ಎರಡನೆಯ ಮಾತು ಅವಳಿಗೆ ಪರಿಚಿತವೆನಿಸಿತು. ಕಡತ ತೆಗೆದು ನೋಡಿದಳು. ಒಂಬತ್ತು ವರ್ಷದ ಹಿಂದೆ ಅದೇ ಸಮಿತಿಯ ಮುಂದೆ ನಿಂತು ಅವಳೇ ಓದಿದ ವಾಕ್ಯ ಅದು.

ಆ ದಿನ ಅವಳಿಗೆ ನೆನಪಾದದ್ದು ಸಮಿತಿಯಲ್ಲ, ಒಂದು ಟಂಟಂ. 2026ರ ಮಳೆಗಾಲ, ಅವಳಿಗೆ ಹತ್ತು ವರ್ಷ. ಓಣಿಯ ದಾವಲಸಾಬನ ಮೂರು ಗಾಲಿಯ ಡೀಸೆಲ್ ಗಾಡಿ ಅದು. ಎಲ್ಲಿ ನಿಲ್ಲುತ್ತದೆ, ಎಷ್ಟು ದಿನ ಬಾಳುತ್ತದೆ ಎಂಬುದು ದಾವಲಸಾಬನಿಗೂ ಗೊತ್ತಿರಲಿಲ್ಲ. ನಾರಾಯಣಪುರದ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ಯಾರೋ ಹೇಳಿದರು. ಅಕ್ಕ ಮಗ್ಗದಿಂದ ಎದ್ದಳು. ಕಂಕುಳಲ್ಲಿ ಎಂಟು ತಿಂಗಳ ಪರಸು. ನೀರು ನೋಡಲೆಂದು ಒಂಬತ್ತು ಜನ ತುರುಕಿಕೊಂಡು ಹೊರಟರು. ದಾರಿಯಲ್ಲಿ ಕೈ ಮಾಡಿದ ಮುದುಕಿಯೊಬ್ಬಳನ್ನೂ ಹತ್ತಿಸಿಕೊಂಡರು. ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ಇಪ್ಪತ್ತಾರರ ಹುಲಿಗೆಮ್ಮ ಮಗುವನ್ನು ಮುದುಕಿಯ ತೊಡೆಯ ಮೇಲೆ ಹಾಕಿ, ಚಪ್ಪಲಿ ಕಳಚಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಗಾಡಿ ನೂಕಿದಳು. “ದಾವಲಣ್ಣಾ, ನಿನ್ನ ಗಾಡೀಗೆ ಹತ್ತೂದಕ್ಕಿಂತ ನಾವ ಹೊತ್ಕೊಂಡು ಹೋಗೂದ ಚಲೋ!” ಎಂದು ಕೂಗಿ, ನಗು ತಡೆಯದೆ ರಸ್ತೆಯ ಮೇಲೆಯೇ ಕುಳಿತುಬಿಟ್ಟಿದ್ದಳು. ಅವರು ಮುಟ್ಟುವಷ್ಟರಲ್ಲಿ ಗೇಟುಗಳನ್ನು ಮುಚ್ಚಿದ್ದರು. ಆದರೂ ನೀರು ನೋಡಿದೆವೆಂದೇ ಅಕ್ಕ ಓಣಿಯಲ್ಲಿ ಹೇಳಿಕೊಂಡಳು.

ತಿಂಗಳಾದ ಮೇಲೆ ಪರಶುರಾಮ ಕಾರು ತೆಗೆದುಕೊಂಡು ಧಾರವಾಡಕ್ಕೆ ಬಂದ. ಮುಂದಿನ ಆಸನ ಖಾಲಿಯಿತ್ತು. ಫಲಕದ ಮೇಲೆ ಅವನು ಅಂಗೈಯಗಲದ ಕೆಂಪು ಬಟ್ಟೆಯೊಂದನ್ನು ಅಂಟಿಸಿದ್ದ. ತಾಯಿ ಕೊನೆಯದಾಗಿ ನೇಯ್ದ ಸೆರಗಿನ ತುಂಡು. ಅದರ ಹಿಂದೆ ಹಸಿರು ಬೆಳಕು ಮಂಕಾಗಿ ಕಾಣುತ್ತಿತ್ತು, ಅಂಕಿ ಮಾತ್ರ ಓದಲು ಬರುತ್ತಿರಲಿಲ್ಲ.

“ಪೊಲೀಸ್ರು ಹಿಡಿದ್ರ?” ಎಂದಳು ಸಿಂಚನಾ.

“ನಮ್ಮ ಚಿಕ್ಕವ್ವನ ಕೇಳ್ರಿ ಅಂತೀನಿ.”

ಅವಳು ಬಟ್ಟೆಯನ್ನು ಮುಟ್ಟಲಿಲ್ಲ. ತಗ್ಗಿದ ಆಸನದಲ್ಲಿ ಕುಳಿತಳು. ಅದು ಅವಳನ್ನು ಎತ್ತಿ ಒಳಗೆ ತೆಗೆದುಕೊಂಡಿತು. ಅವಳ ಮೊಣಕಾಲಿಗೆ ಅದು ತೀರ ಗಿಡ್ಡವಾಗಿತ್ತು. ಅಕ್ಕನಿಗೆ ತೋರಿಸಬೇಕಿದ್ದ ಮನೆಯ ಮುಂದೆ, ಪ್ರಯೋಗಶಾಲೆಯ ಗೇಟಿನ ಮುಂದೆ, ಸಾಧನಕೇರಿಯ ಕೆರೆಯ ದಂಡೆಯಲ್ಲಿ ಕಾರು ನಿಧಾನವಾಗಿ ಹಾದುಹೋಯಿತು. ಕೆರೆಯ ತಿರುವಿನಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು, ನಿಲ್ಲಿಸುವವರು ಯಾರೂ ಇಲ್ಲವೆಂದು ಗೊತ್ತಿದ್ದೂ, ಹಳೆಯ ಅಭ್ಯಾಸದಿಂದ ಕೈ ಅರ್ಧ ಎತ್ತಿ ಇಳಿಸಿಕೊಂಡಳು.

“ನಿಲ್ಸು,” ಎಂದಳು ಸಿಂಚನಾ.

ಹೆಂಗಸು ನಂಬದೆ ಕಿಟಕಿಗೆ ಬಾಗಿದಳು. “ಭಾಳ ದೂರ ಐತ್ರಿ ನಮ್ಮನಿ. ನಿಮ್ಮದರಾಗ ಎಷ್ಟೈತೋ ಏನೋ.”

“ನಮಗೂ ಗೊತ್ತಿಲ್ಲ. ಹತ್ರಿ,” ಎಂದ ಪರಶುರಾಮ.

ಇವತ್ತು ನಿಮ್ಮ ಮನೆಯ ಮುಂದೆ ನಿಂತಿರುವ ಕಾರಿನಲ್ಲಿ ಆ ಹಸಿರು ಅಂಕಿ ಇನ್ನೂ ಬಂದಿಲ್ಲ. ಅದು ಎಷ್ಟು ದೂರ ಓಡೀತೆಂದು ನಿಮಗೆ ತಿಳಿಯದು. ಮುಂದಿನ ಆಸನದಲ್ಲಿ ಕೂರಬೇಕಾದವರು ಈಗ ಒಳಗೆ ಅಕ್ಕಿ ಆರಿಸುತ್ತಿರಬಹುದು.