ತಣ್ಣಗಿದ್ದ ಕಾರಿಗೆ ಒಂಬೈನೂರು ಡಿಗ್ರಿ ಜ್ವರ

ಬೆಳಗಿನ ಏಳು ಗಂಟೆ. ಜೋಗುಪಾಳ್ಯದ ಮನೆ ಮುಂದೆ ಪ್ರೇಮ್‌ಕುಮಾರ್ ಕಾರಿನ ಕೀ ತಿರುಗಿಸಿದ್ದೇ ತಡ, ಕೆಂಪು ದೀಪ ಮತ್ತೆ ಹತ್ತಿತು. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ ಕಾದು ಕೆಂಡವಾಗಿದೆ ಎನ್ನುವ ದೀಪ ಅದು. ಆದರೆ ಕಾರು ಇಡೀ ರಾತ್ರಿ ನಿಂತಲ್ಲೇ ನಿಂತಿತ್ತು. ಬಾನೆಟ್ ಎಷ್ಟು ತಣ್ಣಗಿತ್ತೆಂದರೆ, ಅದರ ಮೇಲೆ ಮಲಗಿದ್ದ ಬೀದಿಬೆಕ್ಕಿಗೆ ನೆಗಡಿಯಾಗಿತ್ತು.

"ಸಾಕಾಯ್ತು ರೀ," ಎಂದಳು ಹೆಂಡತಿ ಹಂಸ. ತುಂಬು ಗರ್ಭಿಣಿ. "ನೋವು ಬಂದಾಗ ಇದು ಕೈಕೊಟ್ರೆ? ನಾಳೆ ಕೋಲಾರಕ್ಕೆ, ಅಮ್ಮನ ಮನೆಗೆ ಹೋಗ್ಬಿಡ್ತೀನಿ. ಆಸ್ಪತ್ರೆ ಎದುರುಗಡೇನೇ ಇದೆ."

ಪ್ರೇಮ್‌ಕುಮಾರನ ತಾಯಿ ಆಂಜನಮ್ಮನ ಮುಖ ಇಳಿದುಹೋಯಿತು. ಮೊಮ್ಮಗು ತನ್ನ ಕಣ್ಣೆದುರೇ ಹುಟ್ಟಬೇಕೆಂದು ಆಕೆ ಹೊಲಿದಿಟ್ಟ ಕುಲಾವಿಗಳು ಹಲಸೂರಿನ ಅಷ್ಟೂ ಕೂಸುಗಳಿಗೆ ಹಂಚಿದರೂ ಮಿಗುತ್ತಿದ್ದವು.

ಶಿವಾಜಿನಗರದಿಂದ ಆಬಿದಾ ಬಂದಳು. ಕಾರುಗಳ ವೈರಿಂಗ್ ಕೆಲಸದವಳು. ಹಾರ್ನ್ ಕೇಳಿಯೇ ಬ್ಯಾಟರಿಯ ವಯಸ್ಸು ಹೇಳುವವಳು. ಮೂರು ಸಲ ಕಾರು ಅವಳ ಅಂಗಡಿಗೆ ಹೋಗಿತ್ತು. ಮೂರು ಸಲವೂ ಅಲ್ಲಿ ದೀಪ ಹತ್ತಿರಲಿಲ್ಲ.

ಅವಳು ಸ್ಕ್ಯಾನರ್ ಸಿಕ್ಕಿಸಿದಳು. "ಒಂಬೈನೂರು ಡಿಗ್ರಿ ಅಂತಿದೆ." ಕೆಳಗೆ ಬಗ್ಗಿ ಪೈಪನ್ನು ಮುಟ್ಟಿದಳು. "ಐಸ್ ಥರ ಇದೆ. ಶಾಖ ಅಳೆಯೋ ಸೆನ್ಸರ್ ಸುಳ್ಳು ಹೇಳ್ತಿದೆ."

"ಹೋದ ವಾರ ತಾನೇ ಹೊಸದು ಹಾಕಿದ್ರಿ ಆಬಿದಕ್ಕ?"

"ಹಂಗಾದ್ರೆ ಯಾರೋ ಅದರ ಬಾಯಲ್ಲಿ ಸುಳ್ಳು ಹೇಳಿಸ್ತಿದ್ದಾರೆ."

"ಇಲಿನಾ?"

"ವೈರ್‌ಗೆ ಹಲ್ಲು ತಾಗಿಲ್ಲ." ಆಬಿದಾ ಕಾರಿನಡಿ ತೆವಳಿದಳು. ಸೆನ್ಸರಿನ ಪ್ಲಗ್ ಒದ್ದೆ — ಮೇಲೊಂದು ಕೆಂಪು ಕಲೆ.

"ತುಕ್ಕು," ಎಂದ ಪ್ರೇಮ್‌ಕುಮಾರ್.

"ಹೋದ್ಸಲ ನಾನೂ ಹಂಗೇ ಅಂದ್ಕೊಂಡೆ. ನಿನ್ನೆ ಎಲ್ಲಿಗೆ ಹೋಗಿದ್ರಿ?"

"ಹಂಸನ ಚೆಕಪ್‌ಗೆ, ಇಂದಿರಾನಗರಕ್ಕೆ."

"ಅದಕ್ಕೆ ಮುಂಚೆ ದೀಪ ಹತ್ತಿದ್ದು ಯಾವಾಗ?"

"ಅದೂ ಚೆಕಪ್ ಮಾರನೇ ದಿನ..." ಪ್ರೇಮ್‌ಕುಮಾರ್ ಬೆರಳೆಣಿಸಿದ. "ಯಾವಾಗ್ಲೂ ಚೆಕಪ್ ಮಾರನೇ ದಿನಾನೇ."

"ಆಂಜನಮ್ಮ, ಒಂದು ನಿಂಬೆಹಣ್ಣು ಕೊಡಿ."

ಆಬಿದಾ ಕಲೆಯ ಮೇಲೆ ಹಣ್ಣು ಹಿಂಡಿದಳು. ಕೆಂಪು ಹೋಗಿ ಹಳದಿಯಾಯಿತು.

"ತುಕ್ಕು ಹಳದಿ ಆಗಲ್ಲ. ಅರಿಶಿನ, ಸುಣ್ಣ ಕಲಸಿದ ನೀರು ಆಗುತ್ತೆ. ಪ್ಲಗ್ಗಿನ ರಬ್ಬರ್ ಸೀಳಿಹೋಗಿದೆ, ಅಲ್ಲಿಂದ ಒಳಗೆ ಹೋಗಿದೆ. ಒದ್ದೇಲಿ ಕರೆಂಟ್ ಅಡ್ಡದಾರಿ ಹಿಡಿದ್ರೆ ಪೈಪ್ ಕಾದಿದೆ ಅಂತ ಕಂಪ್ಯೂಟರ್ ನಂಬುತ್ತೆ. ನನ್ನ ಅಂಗಡಿಗೆ ಬರೋಷ್ಟರಲ್ಲಿ ಒಣಗೋಗಿರುತ್ತೆ." ಅವಳು ಮೆಲ್ಲಗೆ ತಿರುಗಿದಳು. "ದೃಷ್ಟಿ ತೆಗೆದ ನೀರು ಎಲ್ಲಿ ಚೆಲ್ತೀರಾ ಆಂಜನಮ್ಮ?"

ಆಂಜನಮ್ಮ ಸೆರಗಿನ ತುದಿ ತಿರುಚಿದಳು.

"ಮೂರು ದಾರಿ ಸೇರೋ ಕಡೆ ಚೆಲ್ಬೇಕು. ಅಲ್ಲಿ ನೋಡಿದ್ರೆ ಪಾನಿಪುರಿ ಗಾಡಿ, ಕಾಲಿಡಕ್ಕೂ ಜಾಗ ಇಲ್ಲ. ಅದಕ್ಕೇ ಹಂಸಂಗೆ ನಿವಾಳಿಸಿ ಕಾರಿನ ಹೊಟ್ಟೆ ಕೆಳಗೆ ಎರಚ್ತಿದ್ದೆ. ಅವಳನ್ನ ಹೊತ್ಕೊಂಡು ಬರೋದು ಅದೇ ತಾನೇ? ಅದಕ್ಕೂ ಕಣ್ಣು ಬೀಳಬಾರ್ದು ಅಂತ."

ಪ್ರೇಮ್‌ಕುಮಾರನಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಆಬಿದಾ ಪ್ಲಗ್ ತೊಳೆದು ಒಣಗಿಸಿ ಹೊಸ ರಬ್ಬರ್ ಹಾಕಿದಳು. ಸ್ಕ್ಯಾನರ್ ಈಗ ತೋರಿಸಿದ್ದು ಇಪ್ಪತ್ತೆರಡು ಡಿಗ್ರಿ — ಬೀದಿಯ ಗಾಳಿಯಷ್ಟೇ. ದೀಪ ಆರಿತು.

ಹಂಸ ಆಗಲೇ ಫೋನಿನಲ್ಲಿದ್ದಳು. "ಇಲ್ಲಮ್ಮ, ನಾಳೆ ಬರಲ್ಲ. ಹೂಂ, ಕಾರು ಸರಿಹೋಯ್ತು... ಅಲ್ಲಮ್ಮ, ಕಾರಿಗೂ ದೃಷ್ಟಿ ತೆಗೆಯೋ ಅತ್ತೇನ ಬಿಟ್ಟು ಹೆಂಗೆ ಬರ್ಲಿ?"

ಆಂಜನಮ್ಮ ಯಾರಿಗೂ ಮುಖ ತೋರಿಸದೆ ಅಡುಗೆಮನೆಗೆ ನಡೆದಳು. "ಲೋ ಪ್ರೇಮ," ಎಂದಳು ಒಳಗಿಂದ, "ಆಬಿದಾಗೂ ಒಂದು ತಟ್ಟೆ ಹಾಕೋ."