ಲುತಾಯಳ ನೂರು ಮೀಟರ್

ಹಸಿ ಸುಣ್ಣದ ಗೆರೆಯನ್ನು ತುಳಿದುಕೊಂಡೇ ಲುತಾಯ ಓಡಿಹೋದಳು.

"ಏಯ್, ಕಣ್ಣು ಕಾಣ್ಸಲ್ವಾ? ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದೋಯ್ತು!"

ಅವಳು ನಿಂತು ತಿರುಗಿದಳು. ಮೊಣಕೈವರೆಗೂ ಸುಣ್ಣ ಮೆತ್ತಿಕೊಂಡಿದ್ದ ಹುಡುಗ. ಒಂದು ಹುಬ್ಬು ಪೂರ್ತಿ ಬಿಳಿ.

"ಓಡೋರು ನೆಲ ನೋಡ್ಕೊಂಡು ಓಡ್ತಾರೇನಪ್ಪಾ? ಬೇಗ ಒಣಗ್ಸು."

"ಸೂರ್ಯ ಏನು ನಮ್ಮನೆ ಆಳಾ, ಒಣಗ್ಸು ಅನ್ನೋಕೆ?"

ಲುತಾಯಳಿಗೆ ನಗು ತಡೆಯಲಾಗಲಿಲ್ಲ. ಅವನ ಹೆಸರು ಮಿಲಂದು. ಬ್ರಾಜಾವಿಲ್‌ನ ಹೊಸ ಸ್ಟೇಡಿಯಂನಲ್ಲಿ ಓಟದ ಗೆರೆ ಹಾಕುವುದು ಅವನ ಕೆಲಸ. ಮರುದಿನ ಅವಳು ಬೇಕೆಂದೇ ಗೆರೆ ತುಳಿದಳು. ಅವನೂ ಬೇಕೆಂದೇ ಬೈದ. ಬೈಯುವಾಗ ಅವನ ಕಣ್ಣು ಮಾತ್ರ ಬೈಯುತ್ತಿರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಫ್ರೆಂಚರ ಬಾವುಟ ಇಳಿದು ಐದು ವರ್ಷವಾಗಿತ್ತು. ಆ ಜುಲೈನಲ್ಲಿ ಇಡೀ ಆಫ್ರಿಕಾದ ಓಟಗಾರರು ಇದೇ ಊರಿಗೆ ಬರುವವರಿದ್ದರು. ಹಿಂದೊಮ್ಮೆ ಇಂಥದ್ದೇ ಕ್ರೀಡಾಕೂಟ ನಡೆಸಹೊರಟಾಗ ಬಿಳಿಯರು ಬಿಟ್ಟಿರಲಿಲ್ಲ. ಈ ಸಲ ಯಾರನ್ನೂ ಕೇಳಬೇಕಾಗಿರಲಿಲ್ಲ. ಲುತಾಯ ನೂರು ಮೀಟರ್ ಓಟಕ್ಕೆ ಆಯ್ಕೆಯಾಗಿದ್ದಳು.

ಆದರೆ ಅವಳಿದ್ದ ಬಾಕೊಂಗೊ ಕೇರಿಯಲ್ಲಿ ಸೋದರಮಾವನನ್ನು ಕೇಳದೆ ಹೆಣ್ಣುಮಕ್ಕಳ ವಿಷಯದಲ್ಲಿ ಏನೂ ನಡೆಯುವುದಿಲ್ಲ. ಅಪ್ಪನ ಮಾತು ಅಪ್ಪನದು, ಕೊನೆಯ ಮಾತು ಮಾವನದು. ಲುತಾಯಳ ಮಾವ ಮಬಿಯಾಲ ಈ ಓಟವನ್ನು ಕಂಡರೆ ಉರಿದುಬೀಳುತ್ತಿದ್ದ.

"ಎದೆಗೆ ನಂಬರ್ ಕಟ್ಕೊಂಡು ಸಾಲಲ್ಲಿ ನಿಲ್ತೀಯಾ? ರೈಲು ದಾರಿ ಕೆಲಸಕ್ಕೆ ಬಿಳಿಯರು ನಮ್ಮಣ್ಣನ್ನ ಹಿಂಗೇ ನಿಲ್ಸಿದ್ರು ಕಣೇ. ಕಾಲು ಮುಟ್ಟಿ ನೋಡಿ ಆರಿಸ್ಕೊಂಡು ಹೋದ್ರು. ಅವನು ವಾಪಸ್ ಬರಲೇ ಇಲ್ಲ."

"ಆ ಸಾಲಲ್ಲಿ ನಿಲ್ಸಿದ್ದು ಅವರು, ಮಾವ. ಈ ಸಾಲಲ್ಲಿ ನಾವಾಗೇ ನಿಲ್ತಿದೀವಿ."

ಮಾವ ಮುಖ ತಿರುಗಿಸಿಕೊಂಡು ಒಳಗೆ ಹೋದ.

ಕೂಟಕ್ಕೆ ವಾರವಿದೆ ಎನ್ನುವಾಗ ಮಿಲಂದುವಿನ ಕಡೆಯವರು ತಾಳೆ ಹೆಂಡ ಹೊತ್ತುಕೊಂಡು ಹೆಣ್ಣು ಕೇಳಲು ಬಂದರು. ಮಾವನ ಅಂಗಳದಲ್ಲಿ ಎರಡೂ ಕುಲದವರು ಎದುರುಬದುರು ಕೂತರು. ಇಂಥ ಕಡೆ ಹಿರಿಯರು ನೇಮಿಸಿದ ಮಾತುಗಾರರಷ್ಟೇ ಮಾತಾಡಬೇಕು, ಗಂಡು ತುಟಿ ಬಿಚ್ಚಬಾರದು. ಹೆಣ್ಣು 'ಕುಡಿಯಿರಿ' ಎಂದರೆ ಸಂಬಂಧ ಕುದುರಿತು.

ಮಾವನ ಮಾತುಗಾರ ಗಂಟಲು ಸರಿಮಾಡಿಕೊಂಡ. "ಹುಡುಗಿ ಇನ್ನು ಮೈದಾನಕ್ಕೆ ಹೋಗಕೂಡದು. ಗಂಡಿನ ಕಡೆಯವರು ಇದಕ್ಕೆ ಒಪ್ಪಿದ್ದಾರೆ. ಹೇಳಮ್ಮ, ಈ ಹೆಂಡ ಕುಡಿಯೋಣವಾ?"

ಲುತಾಯ ಮಿಲಂದುವನ್ನು ನೋಡಿದಳು. ಅವನಿಗೂ ಇದು ಈಗಷ್ಟೇ ತಿಳಿದಂತಿತ್ತು. ಬಾಯಿ ತೆರೆಯಹೋದವನ ತೊಡೆ ಚಿವುಟಿದ ಅವನ ಮಾವ. ಮಿಲಂದು ತಲೆ ತಗ್ಗಿಸಿದ. ಅವನು ಬೇಕು, ಪ್ರಾಣಕ್ಕಿಂತ ಹೆಚ್ಚಾಗಿ ಬೇಕು ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಆದರೆ ಆ ತಗ್ಗಿದ ತಲೆ ಅವಳಿಗೆ ಬೇಡವಾಗಿತ್ತು.

"ಕುಡೀಬೇಡಿ," ಎಂದಳು.

ಹೆಂಡ ಬಂದ ದಾರಿಯಲ್ಲೇ ವಾಪಸಾಯಿತು. ಅಮ್ಮ ಸುತ್ತಿಕೊಂಡ ಬಟ್ಟೆಯ ಅಂಚನ್ನು ಬಾಯಿಗೊತ್ತಿಕೊಂಡು ಅತ್ತಳು.

ಮರುದಿನ ಮೈದಾನದಲ್ಲಿ ಮಿಲಂದು ಅಡ್ಡ ಬಂದ. "ಗಂಡು ಅಲ್ಲಿ ಮಾತಾಡಬಾರ್ದು ಅಂತ ನಿಂಗೆ ಗೊತ್ತಲ್ವಾ?"

"ಗೊತ್ತು. ನಾನು ಓಡಬಾರ್ದು ಅಂತಾನೂ ಗೊತ್ತು. ದಾರಿ ಬಿಡು."

ಅವನು ದಾರಿ ಬಿಟ್ಟ. ಆ ವಾರವೆಲ್ಲ ಅವಳು ಒಂದು ಗೆರೆಯನ್ನೂ ತುಳಿಯಲಿಲ್ಲ. ತುಳಿಯದೆ ಓಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಓಟದ ದಿನ ಆಕಾಶ ಬೂದುಬಣ್ಣಕ್ಕಿತ್ತು. ಸ್ಟೇಡಿಯಂ ತುಂಬ ಜನ. ಅವಳು ಹೆಸರು ಮಾತ್ರ ಕೇಳಿದ್ದ ದೇಶಗಳ ಹುಡುಗಿಯರು ಅಕ್ಕಪಕ್ಕದಲ್ಲಿ ಬಗ್ಗಿದ್ದರು. ಒಬ್ಬಳು ಅವಳಿಗೆ ಕಣ್ಣು ಮಿಟುಕಿಸಿದಳು. ಗುಂಡಿನ ಸದ್ದಾಯಿತು. ಆಮೇಲೆ ಉಸಿರು, ಕೂಗು, ಕಾಲು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕನೆಯವಳಾಗಿ ಗುರಿ ಮುಟ್ಟಿದಳು. ಪದಕವಿಲ್ಲ. ಆದರೂ ಹುಚ್ಚು ಹಿಡಿದವಳಂತೆ ನಗು ಬರುತ್ತಿತ್ತು.

ಮಿಲಂದು ಸುಣ್ಣದ ಡಬ್ಬ ಬಿಸಾಡಿ ಓಡಿ ಬಂದ. "ಲುತಾಯ, ಆವತ್ತು ನಾನು ಹೇಡಿಯಾದೆ. ನೀನು ಓಡೋದು ನೋಡಿಯೇ ನಾನು ನಿನಗೆ ಸೋತಿದ್ದು. ಓಡದ ನಿನ್ನ ಕಟ್ಕೊಂಡು ನಾನೇನು ಮಾಡ್ಲಿ?"

"ಇದನ್ನ ನಂಗ್ಯಾಕೆ ಹೇಳ್ತೀಯ? ಹೇಳ್ಬೇಕಾದವರ ಹತ್ರ ಹೇಳು."

"ಈಗ್ಲೇ?"

"ಈಗ್ಲೇ. ನಡಿ."

ಓಟ ನೋಡಲು ಬಂದಿದ್ದ ಅಮ್ಮ ಸುತ್ತಿಕೊಳ್ಳಲು ಬಟ್ಟೆ ಹಿಡಿದು ಹಿಂದೆಯೇ ಬಂದಳು. "ಚಡ್ಡೀಲೇ ಹೋಗ್ತೀಯೇನೇ? ಕೇರಿ ತುಂಬ ಜನ ಇದಾರೆ!"

"ಇಡೀ ಆಫ್ರಿಕಾನೇ ನೋಡಾಯ್ತಲ್ಲಮ್ಮ. ಇನ್ನು ಕೇರಿ ಯಾವ ಲೆಕ್ಕ?"

ಹಾಡಹಗಲಲ್ಲಿ, ಎಲ್ಲರ ಎದುರಿಗೆ, ಲುತಾಯ ಅವನ ಕೈ ಹಿಡಿದುಕೊಂಡು ನಡೆದಳು. ಮೀನು ಮಾರುವ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡಿದರು. ಅವನ ಅಂಗೈ ಬೆವೆತಿತ್ತು. ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮಾವ ಬಾಗಿಲಲ್ಲೇ ಕೂತಿದ್ದ, ಪಕ್ಕದಲ್ಲಿ ರೇಡಿಯೋ. ಅವಳ ಕಾಲು ನೋಡಲಿಲ್ಲ, ಮುಖ ನೋಡಿದ.

"ಗೆದ್ಯಾ?"

"ಇಲ್ಲ. ನಾಲ್ಕನೇದು."

"ಮತ್ತೆ ಇಷ್ಟೊಂದು ಜಂಬ ಯಾಕೆ?"

"ಓಡಿದ್ನಲ್ಲ, ಮಾವ."

ಮಬಿಯಾಲ ಮಿಲಂದುವಿನ ಕಡೆ ತಿರುಗಿದ. "ನಿನ್ನ ಮಾತುಗಾರ ಎಲ್ಲಿ?"

ಲುತಾಯ ಮಿಲಂದುವಿನ ಕೈ ಬಿಟ್ಟಳು, ಸಹಾಯಕ್ಕೆ ಬರಲಿಲ್ಲ.

"ನಾನೇ ಮಾತಾಡ್ತೀನಿ, ದೊಡ್ಡವರೇ," ಎಂದ ಅವನು. "ಇವಳು ಓಡ್ತಾಳೆ. ನಾಳೇನೂ ಓಡ್ತಾಳೆ, ಮದುವೆ ಆದ್ಮೇಲೂ ಓಡ್ತಾಳೆ. ಇದಕ್ಕೆ ಒಪ್ಪಿದ್ರೆ ಮಾತ್ರ ನಂಗೆ ಹೆಣ್ಣು ಕೊಡಿ."

ಮಾವ ರೇಡಿಯೋ ಬಂದ್ ಮಾಡಿದ. ಆಮೇಲೆ ಒಳಗಿನಿಂದ ಇನ್ನೆರಡು ಕುರ್ಚಿ ತರುವಂತೆ ಹೆಂಡತಿಗೆ ಕೂಗಿ ಹೇಳಿದ.